ಕಾಲಚಕ್ರದ ಬಗ್ಗೆ ಬರೆಯುತ್ತಿರುವ ತಂಗಿಗೆ

ಪ್ರೀತಿಯ ತಂಗಿ,

ಜೈನರ ಕಾಲಚಕ್ರದ ಬಗ್ಗೆ ನೀನು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಲೆಕ್ಕವೆಲ್ಲ ಸರಿಯಾಗಿದೆ. ಇಳಿಯುವ ಅವಸರ್ಪಿಣಿ, ಏರುವ ಉತ್ಸರ್ಪಿಣಿ, ಒಂದೊಂದರಲ್ಲೂ ಆರು ಕಾಲ, ಒಂದೊಂದಕ್ಕೂ 10 ಕೋಡಾಕೋಡಿ (ಕೋಟಿ ಸಲ ಕೋಟಿ) ಸಾಗರೋಪಮ. ಆದರೆ ಅಷ್ಟು ಓದುವಷ್ಟರಲ್ಲೇ ನನಗೆ ಸುಸ್ತಾಯಿತು. ಕಣ್ಣಿಗೆ ಏನೂ ಕಟ್ಟಲಿಲ್ಲ.

ಪಲ್ಯೋಪಮ, ಸಾಗರೋಪಮ, ಎರಡೂ ಕಾಲದ ಅಳತೆಗಳು. ಎರಡರ ಕೊನೆಯಲ್ಲೂ ಉಪಮೆ ಇದೆ, ನೋಡಿದೆಯಾ? ಅಂಕಿಯಲ್ಲಿ ಹೇಳಲು ಆಗದ್ದನ್ನು ಹಿಂದಿನವರು ಹೋಲಿಕೆಯಲ್ಲಿ ಹೇಳಿದರು. ಒಂದು ಯೋಜನ ಅಗಲ, ಅಷ್ಟೇ ಆಳದ ಗುಂಡಿ. ಅದರ ತುಂಬ ಎಳೆ ಕುರಿಮರಿಯ ಕೂದಲಿನ ಸಣ್ಣ ಸಣ್ಣ ಚೂರು. ನೂರು ವರ್ಷಕ್ಕೊಮ್ಮೆ ಒಂದೇ ಚೂರು ತೆಗೆಯಬೇಕು. ಪಲ್ಯೋಪಮದ ಲೆಕ್ಕ ಶುರುವಾಗುವುದೇ ಆ ಗುಂಡಿಯಿಂದ. ನಿನ್ನ ಲೇಖನದಲ್ಲಿ ಕೋಟಿಗಳಿವೆ, ಆ ಕುರಿಮರಿ ಇಲ್ಲ.

ಇನ್ನೊಂದು ಸಂಜೆಯನ್ನೂ ನೀನು ಬಿಟ್ಟಿದ್ದೀಯ. ಆದಿಪುರಾಣದ ಕಥೆ ನೆನಪಿದೆಯಲ್ವಾ? ಮೂರನೇ ಕಾಲ ಮುಗಿಯುತ್ತಾ ಬಂದಿದೆ. ಬೆಳಕು ಕೊಡುತ್ತಿದ್ದ ಕಲ್ಪವೃಕ್ಷಗಳು ಮಂಕಾಗಿವೆ. ಒಂದು ಸಂಜೆ ಆಕಾಶದ ಒಂದು ಕಡೆ ಸೂರ್ಯ, ಇನ್ನೊಂದು ಕಡೆ ಚಂದ್ರ. ಜನ ಅವುಗಳನ್ನು ಕಂಡದ್ದೇ ಅದು ಮೊದಲು. ಹೆದರಿ ಪ್ರತಿಶ್ರುತಿ ಎಂಬ ಮೊದಲ ಮನುವಿನ ಹತ್ತಿರ ಹೋದರು. ಇವು ಮೊದಲಿನಿಂದಲೂ ಇದ್ದವು, ಮರಗಳ ಬೆಳಕಿನಲ್ಲಿ ನಿಮಗೆ ಕಂಡಿರಲಿಲ್ಲ ಎಂದು ಅವನು ಸಮಾಧಾನ ಹೇಳಿದ. ಈ ಜಾಗ ಓದಿದಾಗಲೆಲ್ಲ ನನಗೆ ಮೈ ಜುಮ್ ಎನ್ನುತ್ತದೆ. ನಿನ್ನ ಲೇಖನ ಇಲ್ಲಿಂದಲೇ ಶುರುವಾಗಲಿ.

ಮರಗಳು ಕೊಡುವುದನ್ನು ನಿಲ್ಲಿಸಿದ ಮೇಲೆ ಮೊದಲ ತೀರ್ಥಂಕರ ವೃಷಭನಾಥ ಜನರಿಗೆ ಅಸಿ (ಕತ್ತಿ), ಮಸಿ, ಕೃಷಿಯ ಕೆಲಸ ಕಲಿಸಿದ. ಮಗಳು ಬ್ರಾಹ್ಮಿಗೆ ಅಕ್ಷರ, ಸುಂದರಿಗೆ ಅಂಕಿ ಹೇಳಿಕೊಟ್ಟ. ಮಸಿ ಅಂದರೆ ಬರವಣಿಗೆ, ನಮ್ಮ ಕೆಲಸ. ಅದಕ್ಕೆ ಒಂದು ಪ್ಯಾರಾ ಜಾಸ್ತಿ ಕೊಡು.

ಒಂದು ತಪ್ಪು ತಿದ್ದಿಕೋ. 'ದೇವರು ಲೋಕವನ್ನು ಮತ್ತೆ ಸೃಷ್ಟಿಸುತ್ತಾನೆ' ಎಂದು ಬರೆದಿದ್ದೀಯ. ಜೈನರಲ್ಲಿ ಸೃಷ್ಟಿಕರ್ತ ಇಲ್ಲ, ಈ ಚಕ್ರಕ್ಕೆ ಮೊದಲೂ ಇಲ್ಲ. ಅದು ತಿರುಗುವುದೂ ಜೈನರು ಹೇಳುವ ಲೋಕದ ಭರತ, ಐರಾವತ ಎಂಬ ಕ್ಷೇತ್ರಗಳಲ್ಲಿ ಮಾತ್ರ. ವಿದೇಹ ಎಂಬ ಕ್ಷೇತ್ರದಲ್ಲಿ ಯಾವಾಗಲೂ ನಾಲ್ಕನೇ ಕಾಲವೇ.

ಕೊನೆಯಲ್ಲಿ ಪಂಚಮಕಾಲದ, ಅಂದರೆ ಈಗ ನಡೆಯುತ್ತಿರುವ ಐದನೇ ಕಾಲದ ಹೆಸರು ಹೇಳಿ ಈಗಿನ ಹುಡುಗರನ್ನು ಬೈದಿದ್ದೀಯ. ಅದನ್ನು ತೆಗೆದುಬಿಡು. ಮಹಾವೀರರ ನಿರ್ವಾಣವಾಗಿ 3 ವರ್ಷ ಎಂಟೂವರೆ ತಿಂಗಳಿಗೆ ಶುರುವಾದ ಈ ಕಾಲ 21,000 ವರ್ಷದ್ದು. ಕಳೆದಿರುವುದು ಎರಡೂವರೆ ಸಾವಿರ ಚಿಲ್ಲರೆ ಅಷ್ಟೇ. ಆರನೆಯದೂ ಮುಗಿದ ಮೇಲೆ ಒಳ್ಳೆಯ ಮಳೆ ಬರುತ್ತದೆ, ಗುಹೆಗಳಲ್ಲಿ ಉಳಿದವರು ಹೊರಗೆ ಬರುತ್ತಾರೆ. ಅವರ ಕಾಲಿಗೆ ತಾಗುವ ಒದ್ದೆ ಮಣ್ಣನ್ನು ಬರೆದು ಕಳಿಸು. ಕಾಯುತ್ತಿರುತ್ತೇನೆ.

ನಿನ್ನ ಅಕ್ಕ