ಹಬ್‌ನ ಶಬ್ದಕ್ಕೆ ಬೇರಿಂಗ್ ಬದಲಿಸಿದ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ
ಪ್ರತಿ: ವ್ಯವಸ್ಥಾಪಕರು, ನಿಮ್ಮ ಅಧಿಕೃತ ಸೇವಾ ಕೇಂದ್ರ, ಬಾಗಲಕೋಟೆ

ವಿಷಯ: ಫೋರ್ ವೀಲ್ ಡ್ರೈವ್ ಬಳಸಿದ ಮೇಲೆ ಮುಂದಿನ ಬಲ ಹಬ್‌ನಲ್ಲಿ (ಚಕ್ರವನ್ನು ಆಕ್ಸಲ್ ಶಾಫ್ಟಿಗೆ ಜೋಡಿಸುವ, ಬಿಡಿಸುವ ಭಾಗದಲ್ಲಿ) ಬರುವ ಶಬ್ದ, ತಪ್ಪು ರಿಪೇರಿ ಮತ್ತು ವಾರಂಟಿ ನಿರಾಕರಣೆ.

ಮಾನ್ಯರೇ,

ನಾನು ಮುಧೋಳ ತಾಲ್ಲೂಕಿನ ಕಬ್ಬು ಬೆಳೆಗಾರ. ನಿಮ್ಮ ಡೀಸೆಲ್ ಗಾಡಿ ಕೊಂಡು ಎರಡು ವರ್ಷವಾಯಿತು, 31,000 ಕಿ.ಮೀ. ಓಡಿದೆ. ವಾರಂಟಿ ಮೂರು ವರ್ಷದ್ದು. ಎರಡು ಜಾಬ್ ಕಾರ್ಡ್, ಒಂದು ಬಿಲ್ ಮತ್ತು ಮೊಬೈಲಿನಲ್ಲಿ ತೆಗೆದ ಮೂರು ವಿಡಿಯೊ ಮತ್ತು ಚಿತ್ರಗಳಿರುವ ಪೆನ್‌ಡ್ರೈವನ್ನು ಲಗತ್ತಿಸಿದ್ದೇನೆ. ದಯವಿಟ್ಟು ಮೊದಲು ವಿಡಿಯೊದ ಶಬ್ದ ಕೇಳಿ, ಆಮೇಲೆ ಪತ್ರ ಓದಿ. ಸೇವಾ ಕೇಂದ್ರದಲ್ಲಿ ಅದನ್ನು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ.

ಜುಲೈನಲ್ಲಿ ಘಟಪ್ರಭೆ ಏರತೊಡಗಿದಾಗ ದಂಡೆಯಲ್ಲಿದ್ದ ಪಂಪ್‌ಸೆಟ್ಟನ್ನು ಎತ್ತಿ ತರಬೇಕಾಯಿತು. ನಮ್ಮದು ಎರೆ ಹೊಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಮಣ್ಣು ಒಂದು ಮಳೆಗೆ ನೆನೆದರೆ ಟೈರಿನ ಕಚ್ಚುಗಳನ್ನೆಲ್ಲ ಮೆತ್ತಿ ಮುಚ್ಚಿಬಿಡುತ್ತದೆ. ನಾಬನ್ನು 4ಎಚ್‌ಗೆ, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವಂತೆ ಹಾಕಿದೆ, ಗಾಡಿ ಪಂಪ್‌ಸೆಟ್ ಹೊತ್ತು ಮೇಲೆ ಬಂತು. ಅಷ್ಟರ ಮಟ್ಟಿಗೆ ನಿಮ್ಮ ಗಾಡಿಯನ್ನು ದೂರುವುದಿಲ್ಲ.

ತೊಂದರೆ ಶುರುವಾದದ್ದು ಡಾಂಬರು ರಸ್ತೆ ಸೇರಿ ನಾಬನ್ನು 2ಎಚ್‌ಗೆ, ಅಂದರೆ ಹಿಂದಿನ ಎರಡೇ ಚಕ್ರಕ್ಕೆ ಬಲ ಹೋಗುವಂತೆ ತಿರುಗಿಸಿದ ಮೇಲೆ. ಬಲಗಡೆಯ ಮುಂದಿನ ಚಕ್ರದಿಂದ ಬೀಸುವ ಕಲ್ಲಿನಲ್ಲಿ ಜೋಳದ ಜೊತೆ ಹರಳು ಸಿಕ್ಕಿದ ಹಾಗೆ ಗರಗರ ಶಬ್ದ. ಗಂಟೆಗೆ 20ರಿಂದ 40 ಕಿ.ಮೀ. ವೇಗದಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಮತ್ತೆ 4ಎಚ್‌ಗೆ ಹಾಕಿ ಕೆಸರಿನಲ್ಲಿ ನೇರವಾಗಿ ಓಡಿಸಿದರೆ ಮಾಯ. 2ಎಚ್‌ಗೆ ಬಂದರೆ ಪುನಃ ಹಾಜರು. ಕೆಲವೊಮ್ಮೆ ನಾಲ್ಕು ಮಾರು ಹಿಂದಕ್ಕೆ ಓಡಿಸಿದರೆ ನಿಂತುಬಿಡುತ್ತದೆ.

ಇಷ್ಟನ್ನೂ ನಿಮ್ಮ ಸರ್ವಿಸ್ ಅಡ್ವೈಸರ್‌ಗೆ ಎದುರಿಗೆ ನಿಂತು ಹೇಳಿದೆ. ಅವರು ಜಾಬ್ ಕಾರ್ಡಿನಲ್ಲಿ ಬರೆದುಕೊಂಡದ್ದು ಎರಡೇ ಪದ: ‘ಮುಂದೆ ಶಬ್ದ’. ಯಾವಾಗ, ಯಾವ ಕಡೆ, ನಾಬ್ ಎಲ್ಲಿದ್ದಾಗ ಎಂಬುದೆಲ್ಲ ಅಲ್ಲಿಯೇ ಉದುರಿಹೋಯಿತು. ಒಳಗಿನ ಮಿಸ್ತ್ರಿಯ ಕೈಗೆ ಸಿಕ್ಕಿದ್ದು ಆ ಎರಡು ಪದ ಮಾತ್ರ, ಆತ ಎರಡೂ ಕಡೆಯ ಬೇರಿಂಗ್ ಬದಲಿಸಿದ. ಆತನನ್ನು ನಾನು ಹೆಚ್ಚು ದೂಷಿಸಲಾರೆ. ಬಿಲ್ 11,400 ರೂಪಾಯಿ. ಬೇರಿಂಗ್ ‘ಸವೆಯುವ ಭಾಗ’ವಂತೆ, ಅದಕ್ಕೆ ವಾರಂಟಿ ಇಲ್ಲವಂತೆ.

ಬೇರಿಂಗ್ ಕೆಟ್ಟರೆ ಶಬ್ದ ಗಾಡಿಯ ವೇಗದ ಜೊತೆ ಏರುತ್ತದೆ, ತಿರುವಿನಲ್ಲಿ ಭಾರ ಒಂದು ಬದಿಗೆ ಬಿದ್ದಾಗ ಹೆಚ್ಚು ಕಡಿಮೆಯಾಗುತ್ತದೆ. ಆಕ್ಸಲ್ ಜಾಯಿಂಟ್ ಕೆಟ್ಟಿದ್ದರೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಎನ್ನುತ್ತದೆ. ನಾಬ್ ಎಲ್ಲಿದೆ ಎಂಬುದು ಬೇರಿಂಗಿಗೆ ಗೊತ್ತಿರುವುದಿಲ್ಲ. ನಾಬ್ ತಿರುಗಿಸಿದ ಕೂಡಲೇ ಬಂದು ಹೋಗುವ ಶಬ್ದಕ್ಕೆ ಬೇರಿಂಗ್ ಬಿಚ್ಚುವ ಮೊದಲು ಹಬ್ ನೋಡಬೇಕಿತ್ತು. ಮೂವತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದವನಿಗೂ ಹೊಳೆಯುವ ಮಾತಿದು.

ಶಬ್ದ ಹೋಗಲಿಲ್ಲವೆಂದು ಎರಡನೆಯ ಸಲ ಹೋದಾಗ, ‘ಹೊಸ ಬೇರಿಂಗ್, ಓಡಿಸುತ್ತಾ ಸರಿಹೋಗುತ್ತದೆ’ ಎಂದು ಕಳಿಸಿದರು. ನಂಬಿ 1,800 ಕಿ.ಮೀ. ಓಡಿಸಿದೆ. ಕಡೆಗೆ ಮುಧೋಳದ ಟ್ರ್ಯಾಕ್ಟರ್ ಮಿಸ್ತ್ರಿಯೊಬ್ಬರ ಶೆಡ್ಡಿನಲ್ಲಿ ಮುಂದಿನ ಎರಡೂ ಚಕ್ರಗಳನ್ನು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿದೆವು. 2ಎಚ್‌ನಲ್ಲಿಟ್ಟು ಎಡ ಚಕ್ರವನ್ನು ಕೈಯಿಂದ ತಿರುಗಿಸಿದರೆ ಚಕ್ರ ಮಾತ್ರ ತಿರುಗಿತು, ಆಕ್ಸಲ್ ಶಾಫ್ಟ್ ಸುಮ್ಮನಿತ್ತು. ಬಲ ಚಕ್ರ ತಿರುಗಿಸಿದರೆ ಶಾಫ್ಟ್ ತಡೆತಡೆದು ಕೆರೆಯುತ್ತಾ ಜೊತೆಗೇ ಸುತ್ತಿತು. ಅಂದರೆ ಬಲ ಹಬ್ ಬಿಟ್ಟೂ ಬಿಟ್ಟಿರಲಿಲ್ಲ, ಕಚ್ಚಿಯೂ ಕಚ್ಚಿರಲಿಲ್ಲ. ಇದು ಎರಡನೆಯ ವಿಡಿಯೊದಲ್ಲಿದೆ.

ನಿಮ್ಮ ಗಾಡಿಯಲ್ಲಿ ಹಬ್‌ನ ಹಲ್ಲಿನ ಉಂಗುರವನ್ನು ಸರಿಸುವುದು ವ್ಯಾಕ್ಯೂಮ್, ಅಂದರೆ ಪೈಪಿನೊಳಗಿನ ಗಾಳಿ ಹೀರಿದಾಗ ಹುಟ್ಟುವ ಎಳೆತ. ಎಳೆತ ಪೂರ್ತಿ ಸಿಗದಿದ್ದರೆ ಉಂಗುರ ನಡುದಾರಿಯಲ್ಲಿ ನಿಂತು ಹಲ್ಲಿಗೆ ಹಲ್ಲು ಉಜ್ಜುತ್ತದೆ. ಪೈಪನ್ನು, ಆ ಎಳೆತವನ್ನು ಬಿಡುವ, ತಡೆಯುವ ವಿದ್ಯುತ್ ವಾಲ್ವಾದ ಸೋಲೆನಾಯ್ಡ್‌ನಿಂದ ಚಕ್ರದವರೆಗೆ ಬೆರಳಲ್ಲಿ ಸವರುತ್ತಾ ಹೋದ ಮಿಸ್ತ್ರಿ, ಸ್ಟಿಯರಿಂಗ್ ತಿರುಗಿದಾಗಲೆಲ್ಲ ಪೈಪ್ ಬಾಗುವ ಜಾಗದಲ್ಲಿ ನಿಂತರು. ಅಲ್ಲಿ ರಬ್ಬರ್ ಸೀಳಿತ್ತು. ಹೊಸ ತುಂಡು ಹಾಕಿದ್ದಕ್ಕೆ ತೆಗೆದುಕೊಂಡದ್ದು ಅರವತ್ತು ರೂಪಾಯಿ. ಚಹಾ ಅವರೇ ಕುಡಿಸಿದರು. ಗರಗರ ಮುಕ್ಕಾಲು ಪಾಲು ನಿಂತಿದೆ. ಉಳಿದದ್ದು ಆ 1,800 ಕಿ.ಮೀ.ನಲ್ಲಿ ಸವೆದ ಹಲ್ಲುಗಳ ಶಬ್ದ. ಹಬ್ ಬಿಚ್ಚಿ ತೆಗೆದ ಚಿತ್ರಗಳಲ್ಲಿ ಹಲ್ಲುಗಳ ಅಂಚುಗಳು ದುಂಡಗಾಗಿರುವುದು ಕಾಣುತ್ತದೆ.

ಇದನ್ನೆಲ್ಲ ತೋರಿಸಲು ಮೂರನೆಯ ಸಲ ಬಾಗಲಕೋಟೆಗೆ ಹೋದೆ. ಎರಡೂ ಹಬ್ ಬದಲಿಸಲು 38,000 ರೂಪಾಯಿ ಅಂದಾಜು ಕೊಟ್ಟು, ‘ಗ್ರಾಹಕರ ತಪ್ಪು ಬಳಕೆ’ ಎಂದು ಬಾಯಲ್ಲಿ ಹೇಳಿ ವಾರಂಟಿ ನಿರಾಕರಿಸಿದರು. ಬರೆದು ಕೊಡಿ ಎಂದರೆ ಕೊಡಲಿಲ್ಲ. ವಾರಂಟಿ ನಿರಾಕರಣೆಗೆ ಕಾರಣ ನಾನೇ ಒಪ್ಪಿಕೊಂಡ ಒಂದು ತಪ್ಪು: ಅಂದು ಪಂಪ್‌ಸೆಟ್ ಉಳಿದ ಗಡಿಬಿಡಿಯಲ್ಲಿ ಡಾಂಬರಿನ ಮೇಲೆ ಸುಮಾರು ಎರಡು ಕಿ.ಮೀ. 4ಎಚ್‌ನಲ್ಲಿಯೇ ಬಂದಿದ್ದೆ. ಅದು ತಪ್ಪೇ. ಗಟ್ಟಿ ರಸ್ತೆಯ ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರಗಳು ಕ್ರಮಿಸುವ ದೂರ ಬೇರೆ ಬೇರೆ. ಆ ವ್ಯತ್ಯಾಸವನ್ನು ಸರಿದೂಗಿಸುವ ಡಿಫರೆನ್ಷಿಯಲ್ ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವೆ ಇಲ್ಲದ ಈ ಗಾಡಿಯಲ್ಲಿ ಒತ್ತಡ ಗೇರುಗಳ ಮೇಲೆ ಬೀಳುತ್ತದೆ, ಟೈರು ಉಜ್ಜುತ್ತದೆ, ಸ್ಟಿಯರಿಂಗ್ ಬಿಗಿಯಾಗುತ್ತದೆ. ಆದರೆ ಅದರಿಂದ ರಬ್ಬರ್ ಪೈಪ್ ಸೀಳುವುದು ಹೇಗೆ? ಈ ಪ್ರಶ್ನೆಗೆ ನನಗೆ ಲಿಖಿತ ಉತ್ತರ ಬೇಕು.

ಬಲ ಹಬ್ಬನ್ನು ವಾರಂಟಿಯಲ್ಲಿ ಬದಲಿಸಿಕೊಡಿ. ಎಡ ಹಬ್ ಚೆನ್ನಾಗಿದೆ, ಅದನ್ನು ಮುಟ್ಟುವುದು ಬೇಡ. ಅದರ ಪೈಪ್ ಮತ್ತು ಸೋಲೆನಾಯ್ಡನ್ನು ಮಾತ್ರ ವ್ಯಾಕ್ಯೂಮ್ ಗೇಜ್ ಹಾಕಿ ಪರೀಕ್ಷಿಸಿ. ಬೇರಿಂಗಿನ 11,400 ರೂಪಾಯಿ ಹಿಂತಿರುಗಿಸಿ. ತೆಗೆದ ಹಳೆಯ ಬೇರಿಂಗುಗಳನ್ನು ಕೇಳಿದ್ದೆ, ಗುಜರಿಗೆ ಹೋದವು ಎಂದರು. ಅವು ಕೆಟ್ಟಿದ್ದವು ಎಂಬುದಕ್ಕೆ ನಿಮ್ಮ ಬಳಿ ಆಧಾರವಿದ್ದರೆ ಕಳುಹಿಸಿ. ಈ ಸಲ ಜಾಬ್ ಕಾರ್ಡಿನಲ್ಲಿ ನನ್ನ ದೂರನ್ನು ನಾನು ಹೇಳಿದ ಮಾತುಗಳಲ್ಲಿಯೇ ಬರೆಯಬೇಕು. ಜಾಗ ಸಾಲದಿದ್ದರೆ ಹಿಂಬದಿ ಖಾಲಿಯೇ ಇದೆ.

ಪತ್ರ ತಲುಪಿದ 15 ದಿನಗಳಲ್ಲಿ ಉತ್ತರ ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ನಿಮ್ಮ ಮುಖ್ಯ ಕಚೇರಿ ಎಲ್ಲಿಯೇ ಇರಲಿ, ನಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಲು ಆ ಕಾಯ್ದೆ ಅವಕಾಶ ಕೊಟ್ಟಿದೆ. ಅಲ್ಲಿಯವರೆಗೆ ಗಾಡಿ 2ಎಚ್‌ನಲ್ಲಿಯೇ ಇರುತ್ತದೆ, ಹೊಲಕ್ಕೆ ಇಳಿಸುವುದಿಲ್ಲ. ಪಂಪ್‌ಸೆಟ್ಟನ್ನು ದಂಡೆಗೆ ವಾಪಸ್ ಒಯ್ಯಲು ಪಕ್ಕದ ಹೊಲದವರ ಎತ್ತಿನ ಗಾಡಿ ಕೇಳಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ
ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ