ಮಕ್ಕಳ ಶಿಬಿರದಲ್ಲಿ ಪಾವ್ ಪಾಠ

ಮಾನ್ಯರೇ,

ಕಾರವಾರದ ಮಕ್ಕಳಿಗೆ ಪಾವ್ ಹೊಸದಲ್ಲ, ಅದು ಉಬ್ಬುವುದೇಕೆ ಎಂಬುದು ಮಾತ್ರ ಪುಸ್ತಕದಲ್ಲೇ ಉಳಿದಿದೆ. ಬೇಸಿಗೆ ಶಿಬಿರಗಳಲ್ಲಿ ಅದನ್ನೇ ಮಾಡಿಸಬಹುದು. 500 ಗ್ರಾಂ ಮೈದಾಕ್ಕೆ 300 ಮಿ.ಲೀ. ನೀರು, 5 ಗ್ರಾಂ ಇನ್‌ಸ್ಟಂಟ್ ಯೀಸ್ಟ್ (ಹಿಟ್ಟನ್ನು ಉಬ್ಬಿಸುವ ಸೂಕ್ಷ್ಮಜೀವಿ), 10 ಗ್ರಾಂ ಉಪ್ಪು. ಮೈದಾದ ತೂಕಕ್ಕೆ ಉಳಿದದ್ದು ಶೇಕಡಾ ಎಷ್ಟು ಎಂಬ ಲೆಕ್ಕವನ್ನು ಮಕ್ಕಳೇ ಹಾಕಲಿ. ಕರಾವಳಿಯ ಹವೆಗೆ ಮೈದಾ ತೇವ ಹೀರಿರುತ್ತದೆ, ಆದ್ದರಿಂದ ಎರಡು ಚಮಚ ನೀರು ಉಳಿಸಿಕೊಂಡು ಹದ ನೋಡಿ ಹಾಕಬೇಕು. ಹತ್ತು ನಿಮಿಷ ನಾದಿದ ಮೇಲೆ ಒಂದು ಚೂರನ್ನು ಬೆರಳಲ್ಲಿ ಹಿಗ್ಗಿಸಿ ಬೆಳಕಿಗೆ ಹಿಡಿಯಿರಿ. ಹರಿಯದೆ ಬೆಳಕು ತೂರಿ ಬಂದರೆ ಗ್ಲುಟನ್, ಅಂದರೆ ಹಿಟ್ಟಿಗೆ ಹಿಗ್ಗುವ ಗುಣ ಕೊಡುವ ಪ್ರೋಟೀನ್, ಗಟ್ಟಿಯಾಗಿದೆ.

ಕೆಡುವುದು ಹೆಚ್ಚಾಗಿ ಎರಡು ಕಡೆ. ಕೈ ಸುಡುವ ನೀರು ಹಾಕಿದರೆ ಯೀಸ್ಟ್ ಸಾಯುತ್ತದೆ, ಹಿಟ್ಟು ಏಳುವುದೇ ಇಲ್ಲ. ಇನ್ನೊಂದು, ಗಡಿಯಾರ ನಂಬುವುದು. ನಾದಿದ ಹಿಟ್ಟು ಉಬ್ಬಲು ಒಂದೂವರೆ ತಾಸು ಎಂದು ಪಾಕವಿಧಾನದಲ್ಲಿ ಬರೆದಿದ್ದರೂ ನಮ್ಮ ಮೇ ತಿಂಗಳ ಸೆಕೆಗೆ ಮುಕ್ಕಾಲು ತಾಸಲ್ಲೇ ದುಪ್ಪಟ್ಟಾದೀತು. ಮರೆತು ಬಿಟ್ಟರೆ ಹುಳಿ ವಾಸನೆ, ಓವನ್‌ನಲ್ಲಿ ಕುಸಿತ. ಎರಡು ಗಾಜಿನ ಲೋಟಗಳಲ್ಲಿ, ಒಂದಕ್ಕೆ ಯೀಸ್ಟ್ ಹಾಕಿದ ಹಿಟ್ಟು, ಇನ್ನೊಂದಕ್ಕೆ ಹಾಕದ್ದು ಇಟ್ಟು, ಹಿಟ್ಟಿನ ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಕಟ್ಟಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಹನ್ನೆರಡು ಉಂಡೆ ಮಾಡಿ, ಮತ್ತೊಮ್ಮೆ ಉಬ್ಬಲು ಬಿಟ್ಟು, 200 ಡಿಗ್ರಿಯಲ್ಲಿ ಸುಮಾರು 20 ನಿಮಿಷ ಬೇಯಿಸಬೇಕು. ಓವನ್ ಬಾಗಿಲು ಮಾತ್ರ ದೊಡ್ಡವರೇ ತೆಗೆಯಲಿ.

– ಓದುಗರು, ಕಾರವಾರ