ಪಿ16 ಪಾಸಿಟಿವ್ ಎಂದಷ್ಟಕ್ಕೆ ರಿಪೋರ್ಟು ಮಡಚಬೇಡಿ

ಮಾನ್ಯ ಸಂಪಾದಕರೇ,

‘ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ) ವೈರಸ್ಸಿನಿಂದ ಬಂದ ಗಂಟಲ ಕ್ಯಾನ್ಸರ್ ಚೆನ್ನಾಗಿ ಗುಣವಾಗುತ್ತದೆ’ ಎಂಬ ಮಾತು ಈಗ ವಾಟ್ಸಾಪಿನಲ್ಲೂ ಓಡಾಡುತ್ತಿದೆ. ಸುಳ್ಳಲ್ಲ, ಆದರೆ ಅದು ಟಾನ್ಸಿಲ್ ಮತ್ತು ನಾಲಿಗೆಯ ಬುಡದ ಗೆಡ್ಡೆಗೆ ಹೇಳಿದ ಮಾತು. ಗುಟ್ಕಾ, ತಂಬಾಕಿನಿಂದ ಕೆನ್ನೆಯೊಳಗೆ ಏಳುವ ಕ್ಯಾನ್ಸರಿಗೆ ಅನ್ವಯಿಸದು. ನಮ್ಮಲ್ಲಿ ಹೆಚ್ಚು ಕಾಣುವುದು ಇದೇ. ಇಲ್ಲಿ ಎಚ್‌ಪಿವಿಯ ಸುಳಿವು ಕೊಡುವ ಪಿ16 ಪರೀಕ್ಷೆ ಪಾಸಿಟಿವ್ ಬಂದರೂ ಕಾಯಿಲೆಯ ಹಂತ ಬದಲಾಗುವುದಿಲ್ಲ.

ಪಿ16 ವೈರಸ್ಸನ್ನೇ ಹುಡುಕುವ ಪರೀಕ್ಷೆಯಲ್ಲ. ವೈರಸ್ಸಿನ ಇ7 ಪ್ರೋಟೀನು ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಆರ್‌ಬಿ ಪ್ರೋಟೀನನ್ನು ಕೆಡಿಸಿದಾಗ ಕೋಶದ್ದೇ ಪಿ16 ಪ್ರೋಟೀನು ಉಕ್ಕುತ್ತದೆ. ಸ್ಲೈಡಿನಲ್ಲಿ ಕಂದಾಗಿ ಕಾಣುವುದು ಅದು. ಗೆಡ್ಡೆಯ ಕನಿಷ್ಠ 70% ಕೋಶಗಳ ನ್ಯೂಕ್ಲಿಯಸ್ಸೂ ಸೈಟೊಪ್ಲಾಸಮ್ಮೂ ಸಾಕಷ್ಟು ಗಾಢವಾಗಿ ಬಣ್ಣ ಹಿಡಿದಿರಬೇಕು. ಅಲ್ಲೊಂದು ಇಲ್ಲೊಂದು ಚುಕ್ಕೆಯಿದ್ದರೆ ಪಾಸಿಟಿವ್ ಅಲ್ಲ.

ಎಚ್‌ಪಿವಿಯ ಗಂಟಲ ಗೆಡ್ಡೆಯ ಮಾಮೂಲು ರೂಪ ಕೆರಟಿನ್ (ಚರ್ಮ, ಕೂದಲಲ್ಲಿರುವ ಗಟ್ಟಿ ಪ್ರೋಟೀನು) ಇಲ್ಲದ ನೀಲಿ ಕೋಶಗಳ ಗುಂಪು. ಆದರೆ ಯಕ್ಷಗಾನದ ಚೌಕಿಯಲ್ಲಿ ಕೂತು ಬಣ್ಣ ಹಚ್ಚಿಕೊಂಡಂತೆ ಅದು ವೇಷ ಬದಲಿಸುವುದೂ ಉಂಟು: ಬೆರಳಿನಂತೆ ಚಾಚುವ ಪ್ಯಾಪಿಲರಿ, ಗ್ರಂಥಿಯ ಲಕ್ಷಣವೂ ಇರುವ ಅಡಿನೊಸ್ಕ್ವಾಮಸ್, ಲಿಂಫ್ ಕೋಶಗಳ ನಡುವೆ ಹುದುಗಿದ ಲಿಂಫೊಎಪಿಥೀಲಿಯಲ್ ಹೀಗೆ. ವೈರಸ್ ಖಚಿತವಾದರೆ ಇವು ಬಹುಮಟ್ಟಿಗೆ ಮಾಮೂಲು ಗೆಡ್ಡೆಯಂತೆಯೇ ನಡೆದುಕೊಳ್ಳುತ್ತವೆ. ಹೆಸರು ನೋಡಿ ಹೆದರಬೇಕಿಲ್ಲ. ಹೆದರಬೇಕಾದದ್ದು ಸ್ಮಾಲ್ ಸೆಲ್ ಮತ್ತು ಲಾರ್ಜ್ ಸೆಲ್ ನ್ಯೂರೋಎಂಡೋಕ್ರೈನ್ (ನರ ಮತ್ತು ಹಾರ್ಮೋನು ಕೋಶಗಳ ಲಕ್ಷಣವುಳ್ಳ) ರೂಪಕ್ಕೆ. ಎಚ್‌ಪಿವಿ ಇದ್ದರೂ ಅದರ ಲಾಭ ಇಲ್ಲಿ ಸಿಗದು, ದೂರದ ಅಂಗಗಳಿಗೆ ಬೇಗ ಹರಡುತ್ತದೆ. ಕೋಶಗಳು ಹಾಗೆ ಕಂಡರೆ ಈ ರೂಪದ ಗುರುತು ಹಿಡಿಯುವ ಸಿನಾಪ್ಟೊಫೈಸಿನ್, ಕ್ರೋಮೊಗ್ರಾನಿನ್ ಬಣ್ಣಗಳನ್ನೂ ಹಾಕಿಸಬೇಕು. ಪಿ16 ಒಂದನ್ನೇ ನೋಡಿ ಕೈತೊಳೆದರೆ ಇದು ತಪ್ಪಿಹೋಗುತ್ತದೆ.

ಲಿಂಫೊಎಪಿಥೀಲಿಯಲ್ ರೂಪದಲ್ಲಿ ತೊಡಕು ಬೇರೆ. ಮೂಗಿನ ಹಿಂಭಾಗದಲ್ಲಿ ಇಬಿವಿ (ಎಪ್‌ಸ್ಟೀನ್-ಬಾರ್) ವೈರಸ್ಸಿನಿಂದ ಹುಟ್ಟುವ ಕ್ಯಾನ್ಸರೂ ಥೇಟ್ ಹೀಗೇ ಕಾಣುತ್ತದೆ. ಕುತ್ತಿಗೆಯ ಗಂಟಷ್ಟೇ ಕೈಗೆ ಸಿಕ್ಕು ಮೂಲ ಗೊತ್ತಿಲ್ಲದಾಗ ಪಿ16 ಜೊತೆ ಇಬಿವಿಯನ್ನು ಪತ್ತೆಹಚ್ಚುವ ಇಬಿಇಆರ್ ಪರೀಕ್ಷೆಯೂ ಬೇಕು. ರೇಡಿಯೇಶನ್ ಎಲ್ಲಿಗೆ ಕೊಡಬೇಕೆಂಬುದು ಇದರ ಮೇಲೆ ನಿಂತಿದೆ.

ಎಲ್ಲಕ್ಕಿಂತ ಹೆಚ್ಚು ಮೋಸ ಹೋಗುವುದು ಗಂಟಲ ಗೆಡ್ಡೆ ಕುತ್ತಿಗೆಗೆ ಹರಡಿ ಆಗುವ ನೀರುತುಂಬಿದ ಗಂಟಿನಲ್ಲಿ. ದವಡೆಯ ಕೆಳಗೆ ನೋವಿಲ್ಲದ ಮೆತ್ತನೆಯ ಗಂಟು. ಸೂಜಿ ಹಾಕಿದರೆ ದ್ರವ ಬರುತ್ತದೆ, ಕೋಶಗಳು ನಾಲ್ಕಾರು. ‘ಹುಟ್ಟಿನಿಂದ ಬಂದ ಬ್ರಾಂಕಿಯಲ್ ಸಿಸ್ಟ್’ ಎಂದು ಬರೆದಾಯಿತು. ಅದರಲ್ಲೂ ಅಪರೂಪಕ್ಕೆ ಕ್ಯಾನ್ಸರ್ ಕೋಶಗಳೇ ಸಿಲಿಯಾ (ಕೂದಲಿನಂಥ ಸಣ್ಣ ಎಳೆಗಳು) ಹೊತ್ತಿರುತ್ತವೆ. ಸಿಲಿಯಾ ಕಂಡರೆ ಕ್ಯಾನ್ಸರ್ ಅಲ್ಲ ಎಂಬ ಹಳೆಯ ಪಾಠ ಅಲ್ಲಿ ಕೈಕೊಡುತ್ತದೆ. 40 ದಾಟಿದವರಲ್ಲಿ ಇಂಥ ಗಂಟನ್ನು ಅಲ್ಲವೆಂದು ಸಾಬೀತಾಗುವ ತನಕ ಕ್ಯಾನ್ಸರೆಂದೇ ಶಂಕಿಸಬೇಕು. ಅಲ್ಟ್ರಾಸೌಂಡ್ ನೋಡಿಕೊಂಡು ಗೋಡೆಯ ಗಟ್ಟಿ ಭಾಗಕ್ಕೆ ಸೂಜಿ ಹಾಕಿಸಿ, ಉಳಿದದ್ದನ್ನು ಮೇಣದಲ್ಲಿ ಹುದುಗಿಸಿ ಸೆಲ್ ಬ್ಲಾಕ್ ಮಾಡಿಸಿ. ಟಾನ್ಸಿಲ್, ನಾಲಿಗೆಯ ಬುಡವನ್ನು ಇಎನ್‌ಟಿ ವೈದ್ಯರು ನೋಡುವ ಮುಂಚೆ ಗಂಟನ್ನು ಕೊಯ್ದು ತೆಗೆಸಬೇಡಿ.

ಮೂಗಿನೊಳಗಿನದು ಇನ್ನೊಂದು ವಿಚಿತ್ರ. ಎಚ್‌ಪಿವಿಯಿಂದಲೇ ಬರುವ, ಈಗ ಮಲ್ಟಿಫಿನೊಟಿಪಿಕ್ (ಬಹುರೂಪಿ) ಎನ್ನುವ ಈ ಗೆಡ್ಡೆ ಲಾಲಾರಸ ಗ್ರಂಥಿಯ ಅಡಿನಾಯ್ಡ್ ಸಿಸ್ಟಿಕ್ ಕ್ಯಾನ್ಸರಿನಂತೆ ಕಾಣುತ್ತದೆ. ನೋಟಕ್ಕೆ ಉಗ್ರ, ನಡತೆಯಲ್ಲಿ ಸೌಮ್ಯ. ಅದೇ ಜಾಗದಲ್ಲಿ ಮರುಕಳಿಸಬಹುದಾದ್ದರಿಂದ ತಪಾಸಣೆ ನಿಲ್ಲಿಸುವಂತಿಲ್ಲ. ಇಲ್ಲಿ ಪಿ16 ಸಾಲದು, ವೈರಸ್ಸನ್ನೇ ತೋರಿಸುವ ಇನ್ ಸಿಟು ಪರೀಕ್ಷೆ ಬೇಕು. ಬಹುತೇಕ ಸಿಗುವುದು ಎಚ್‌ಪಿವಿಯ 33ನೇ ಬಗೆ. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ ಲಸಿಕೆಯಲ್ಲಿರುವುದು 6, 11, 16 ಮತ್ತು 18 ಮಾತ್ರ; 33 ಇಲ್ಲ. ಆದರೆ ಗಂಟಲ ಗೆಡ್ಡೆಗಳಲ್ಲಿ ಬಹುಪಾಲು 16ರದ್ದೇ ಆದ್ದರಿಂದ ಲಸಿಕೆ ಬಿಡಲು ಇದು ನೆಪವಾಗದು.

ಹುಬ್ಬಳ್ಳಿ, ಕಲಬುರಗಿ, ಉಡುಪಿಯಿಂದ ಮುಂಬಯಿಯ ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಬರುವವರು ರಿಪೋರ್ಟಿನ ಜೆರಾಕ್ಸ್ ಮಾತ್ರ ತಂದರೆ ಏನೂ ಮಾಡಲಾಗದು. ಸ್ಲೈಡುಗಳ ಜೊತೆ ಗೆಡ್ಡೆಯ ತುಣುಕು ಹುದುಗಿಸಿದ ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ. ಹೊಸ ಬಣ್ಣ ಹಾಕಲು 4 ಮೈಕ್ರಾನಿನ ಪದರ ಕತ್ತರಿಸುವುದು ಅದರಿಂದಲೇ. ಬ್ಲಾಕಿನ ಮೇಲಿನ ನಂಬರ್ ರಿಪೋರ್ಟಿನ ನಂಬರಿಗೆ ತಾಳೆಯಾಗುತ್ತದೆಯೇ ಅಲ್ಲೇ ನೋಡಿ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಡಬೇಡಿ, ಮೇಣ ಮೆತ್ತಗಾಗುತ್ತದೆ. ಹೊಸದಾಗಿ ಬಯಾಪ್ಸಿ ಮಾಡಿಸುವುದಾದರೆ ತುಣುಕು ಬೀಳಬೇಕಾದದ್ದು ಸಲೈನಿಗಲ್ಲ, ಅದರ ಹತ್ತು ಪಟ್ಟು 10% ಫಾರ್ಮಲಿನ್‌ಗೆ.

– ಇಬ್ಬರು ಕನ್ನಡಿಗ ಪೆಥಾಲಜಿಸ್ಟರು, ಮಾಟುಂಗ, ಮುಂಬಯಿ